ಸಹಾಯ ಬೇಕು: ತಪ್ಪು ದೋಟಿಯದ್ದಾ, ಉಪ್ಪುನೀರಿನದ್ದಾ?

ನಮಸ್ಕಾರ, ನಾನು ಬದಿಯಡ್ಕ ಕಡೆಯವ. ಲಕ್ಷದ್ವೀಪಕ್ಕೆ ಸಣ್ಣ ಹ್ಯಾಮ್ (ಹವ್ಯಾಸಿ ರೇಡಿಯೋ) ಸ್ಟೇಷನ್ ಒಯ್ಯುವ ಆಸೆ. ಪರ್ಮಿಟ್ ಓಡಾಟ ಬೇರೆಯೇ ನಡೆಯುತ್ತಿದೆ, ಅದು ಬಿಡಿ. 5 ವಾಟ್ ರೇಡಿಯೋ, ಲಿಥಿಯಂ ಬ್ಯಾಟರಿ, 20 ಮೀಟರ್ ತರಂಗದ ಬ್ಯಾಂಡಿಗೆ ಆಂಟೆನಾ ಆಗಿ ಸುಮಾರು 5 ಮೀಟರ್ ವಯರು, ಅದರ ಬುಡದಿಂದ ನೆಲದ ಮೇಲೆ ಹರಡಲು ಅಷ್ಟೇ ಉದ್ದದ ನಾಲ್ಕು ರೇಡಿಯಲ್ ವಯರು. ಎಲ್ಲ ಒಂದೇ ಬ್ಯಾಗಿನಲ್ಲಿ ಹಿಡಿಯುತ್ತದೆ.

ಮನೆಯ ತೋಟದಲ್ಲಿ ವಯರನ್ನು ಬಿದಿರಿಗೆ ಕಟ್ಟಿದಾಗ ಎಸ್‌ಡಬ್ಲ್ಯೂಆರ್ (ಆಂಟೆನಾ ರೇಡಿಯೋಗೆ ಎಷ್ಟು ಹೊಂದುತ್ತದೆ ಎಂಬ ಅಳತೆ, 1ಕ್ಕೆ ಹತ್ತಿರ ಇದ್ದಷ್ಟು ಒಳ್ಳೆಯದು) 1.3 ಬಂತು. ಖುಷಿಯಾಗಿ ಮೊನ್ನೆ ಭಾನುವಾರ ವಲಿಯಪರಂಬದ ಕಡಲ ಬದಿಗೆ ಟ್ರಯಲ್‌ಗೆ ಹೋದೆ. ಬಿದಿರು ಹೊರುವುದು ಕಷ್ಟ ಅಂತ ಅಡಿಕೆ ಕೊಯ್ಯುವ ಕಾರ್ಬನ್ ಫೈಬರ್ ದೋಟಿ ಹಿಡಿದುಕೊಂಡು ಹೋಗಿದ್ದೆ. (ಅಪ್ಪನಿಗೆ ಹೇಳಿರಲಿಲ್ಲ.) ಒದ್ದೆ ಮರಳಲ್ಲಿ ನೆಟ್ಟು ನೋಡಿದರೆ 2.8!

ಕನೆಕ್ಟರ್‌ನ ಮರಳು ಒರೆಸಿದೆ, ಕೇಬಲ್ ಬದಲಿಸಿದೆ. ವಯರು ಎರಡಿಂಚು ಕತ್ತರಿಸಿದೆ, ಏನೂ ಪ್ರಯೋಜನ ಇಲ್ಲ, ಈಗ ಆ ಎರಡಿಂಚಿಗೆ ಹೊಟ್ಟೆ ಉರಿಯುತ್ತಿದೆ. ವಯರನ್ನು ದೋಟಿಯಿಂದ ಒಂದಡಿ ದೂರ ಎಳೆದು ಕಟ್ಟಿದಾಗ ಮಾತ್ರ 2.1ಕ್ಕೆ ಇಳಿಯಿತು.

ಕಾರ್ಬನ್ ಫೈಬರಿನಲ್ಲಿ ಕರೆಂಟ್ ಹರಿಯುತ್ತದೆ ಅಂತ ಗೊತ್ತು. ಆದರೆ ಉಪ್ಪುನೀರು ಒಳ್ಳೆಯ ಗ್ರೌಂಡ್ ಅಲ್ವಾ, ಕಾಲು ತರಂಗದ ವಯರು ಅಲ್ಲಿ 36 ಓಮ್ ಹತ್ತಿರಕ್ಕೆ ಬಂದು, ರೇಡಿಯೋಗೆ ಬೇಕಾದ್ದು 50 ಓಮ್ ಆದ್ದರಿಂದ 1.4 ತೋರಿಸುವುದು ಸಹಜ. ತೋಟದ 1.3 ಒಣ ನೆಲದ ನಷ್ಟವೂ ಸೇರಿ ಬಂದದ್ದಿರಬಹುದು. ಹಾಗಿದ್ದರೂ 2.1 ಜಾಸ್ತಿಯೇ.

ಕಡಲ ತೀರದಲ್ಲಿ ಸ್ಟೇಷನ್ ಹಾಕಿದವರು ಹೇಳಿ: ದೋಟಿ ಬಿಟ್ಟು ಫೈಬರ್‌ಗ್ಲಾಸ್ ಗಾಳದ ಕೋಲು ತೆಗೆದುಕೊಂಡರೆ ಸಾಕಾ, ಅಥವಾ ರೇಡಿಯಲ್‌ಗಳನ್ನೂ ಮರಳಿನಿಂದ ಎತ್ತಿ ಕಟ್ಟಬೇಕಾ?