ಜೆಪಿ ನಗರದ ಫ್ಲಾಟಿಗೆ ಫೋಟೊಗ್ರಾಫರ್, ಮರುದಿನವೇ ಮನಾಲಿ ಪ್ರಯಾಣ: ಯಾವುದು ಮೊದಲು?

ಪುಟ್ಟೇನಹಳ್ಳಿಯವಳು:
ಜೆಪಿ ನಗರ 7ನೇ ಹಂತದಲ್ಲಿರುವ 2 ಬಿಎಚ್‌ಕೆ ಫ್ಲಾಟ್ ಮಾರಾಟಕ್ಕಿಡ್ತಿದ್ದೇವೆ. 1,150 ಚದರಡಿ, 4ನೇ ಮಹಡಿ. ಹಾಲ್, ಬಾಲ್ಕನಿ ಪೂರ್ವಕ್ಕೆ. ಮಾಸ್ಟರ್ ಬೆಡ್‌ರೂಮ್ ಪಶ್ಚಿಮಕ್ಕೆ. ಮೊಬೈಲ್ ಫೋಟೊದಲ್ಲಿ ಹಾಲ್ ಗುಹೆ ಥರ ಕಾಣುತ್ತೆ, ಕಿಟಕಿ ಬರೀ ಬಿಳಿ. ಅದಕ್ಕೇ ರಿಯಲ್ ಎಸ್ಟೇಟ್ ಫೋಟೊಗ್ರಾಫರ್ ಕರೆಸೋಣ ಅಂತ. ತೊಡಕೇನಂದ್ರೆ ಜನವರಿಯಲ್ಲಿ ಒಂದು ಶುಕ್ರವಾರ ಬೆಳಗಿನ ಫ್ಲೈಟಿಗೆ ದೆಹಲಿ, ಅಲ್ಲಿಂದ ಬಸ್ಸಲ್ಲಿ ಮನಾಲಿ. ನಾವಿಬ್ಬರು, ಜೊತೆಗೆ ಅತ್ತೆ. ನಾವು ಅಲ್ಲಿರುವಾಗಲೇ ಜಾಹೀರಾತು ಓಡ್ತಿರಬೇಕು. ಶೂಟ್ ಯಾವಾಗ ಇಟ್ಟುಕೊಳ್ಳಲಿ, ಫೋಟೊಗ್ರಾಫರ್ ಹತ್ರ ಏನೇನು ಕೇಳಲಿ? ಮನೆ ತುಂಬಾ ಸೂಟ್‌ಕೇಸ್ ಹರಡಿರುತ್ತೆ ಬೇರೆ.

ಟ್ರೈಪಾಡ್ ತಮ್ಮಣ್ಣ:
ಪ್ಯಾಕಿಂಗ್ ಮೊದಲು, ಶೂಟ್ ಆಮೇಲೆ ಮೇಡಂ. ಬುಧವಾರ ರಾತ್ರಿಯೊಳಗೆ ಸೂಟ್‌ಕೇಸ್ ಮುಚ್ಚಿ ಕಾರಿನ ಡಿಕ್ಕಿಗೆ ಹಾಕಿ, ಗುರುವಾರ ಶೂಟ್ ಇಟ್ಟುಕೊಳ್ಳಿ. ಬಟ್ಟೆ ತೆಗೆಯೋಕೆ ಹೇಗೂ ಬೀರು ಬಿಚ್ಚಿರ್ತೀರಿ. ಖಾಲಿಯಾದ ಆ ಜಾಗಕ್ಕೇ ಟೇಬಲ್ ಮೇಲಿನ ಮಾತ್ರೆ ಡಬ್ಬಿ, ಚಾರ್ಜರ್, ಪೇಪರ್ ಕಟ್ಟು ಎಲ್ಲ ಹೋಗಲಿ.

ಪೂರ್ವದ ಮನೆ ಅಂದಕೂಡಲೇ ಬೆಳಿಗ್ಗೆ 8ಕ್ಕೇ ಬರ್ತೀನಿ ಅನ್ನೋರು ಸಿಗ್ತಾರೆ. ಕಟ್ಟಡದ ಮುಂಭಾಗಕ್ಕೆ ಆ ಹೊತ್ತು ಚೆನ್ನ, ಒಳಗಿನ ಫೋಟೊಗೆ ಅಲ್ಲ. ಬಿಸಿಲು ತಗ್ಗಾಗಿ ನೇರ ಹಾಲ್ ಒಳಕ್ಕೆ ಬಿದ್ದು, ವಿಟ್ರಿಫೈಡ್ ಟೈಲ್ಸ್ ಮೇಲೆ ಕಣ್ಣು ಕುಕ್ಕುವ ಪಟ್ಟೆ ಬರುತ್ತೆ, ಪಕ್ಕದ ಸೋಫಾ ಕಪ್ಪಾಗುತ್ತೆ. ಹತ್ತೂವರೆ ಮೇಲೆ ಸೂರ್ಯ ದಕ್ಷಿಣಕ್ಕೆ ಸರಿದು ಬೆಳಕು ಹದಕ್ಕೆ ಬರುತ್ತೆ. ಪಶ್ಚಿಮದ ರೂಮಿಗೂ ಮಧ್ಯಾಹ್ನದವರೆಗೆ ನೇರ ಬಿಸಿಲಿಲ್ಲ. ಒಂಬತ್ತಕ್ಕೆ ಹೊರಗಿನದು ಮುಗಿಸಿ, ಹತ್ತೂವರೆಯಿಂದ ಹನ್ನೆರಡೂವರೆವರೆಗೆ ಒಳಗಿನದು. ಈ ಅಳತೆಯ ಮನೆಗೆ ಎರಡು ಗಂಟೆ ಸಾಕು.

ಆಯ್ಕೆ ಮಾಡುವಾಗ ಇನ್‌ಸ್ಟಾಗ್ರಾಂ ನೋಡಿ ಮರುಳಾಗಬೇಡಿ. ಅಲ್ಲಿರೋದು ಹತ್ತು ಮನೆಯ ಹತ್ತು ಒಳ್ಳೇ ಫೋಟೊ. "ಒಂದೇ ಮನೆಯ ಪೂರ್ತಿ ಸೆಟ್ ಕಳಿಸಿ" ಅನ್ನಿ. ಅದರಲ್ಲಿ ಬಾತ್‌ರೂಮ್ ಫೋಟೊ ಮೊದಲು ನೋಡಿ, ಇಕ್ಕಟ್ಟಿನ ಜಾಗದಲ್ಲೇ ಕೈಚಳಕ ಗೊತ್ತಾಗೋದು. ಬಾಗಿಲ ಚೌಕಟ್ಟು ನೆಟ್ಟಗಿದೆಯಾ, ಒಳಕ್ಕೆ ವಾಲಿದೆಯಾ? ಕಿಟಕಿ ಸುತ್ತ ಬೂದು ಹೊಗೆಯಂಥ ಅಂಚಿದ್ದರೆ ಎಚ್‌ಡಿಆರ್ (ಕಡಿಮೆ, ಹೆಚ್ಚು ಬೆಳಕಲ್ಲಿ ತೆಗೆದ ಹಲವು ಫೋಟೊ ಒಂದಾಗಿಸೋದು) ಕೆಟ್ಟದಾಗಿ ಬೆರೆಸಿದ್ದಾರೆ ಅಂತ. ಗೋಡೆ ಅರ್ಧ ಹಳದಿ, ಅರ್ಧ ನೀಲಿ ಇದ್ದರೆ ಕಿಟಕಿ ಬೆಳಕು, ವಾರ್ಮ್ ಎಲ್‌ಇಡಿ ಎರಡೂ ಒಟ್ಟಿಗೆ ಬಿದ್ದಿವೆ, ತಿದ್ದಿಲ್ಲ.

ಫುಲ್‌ಫ್ರೇಮ್ (ದೊಡ್ಡ ಸೆನ್ಸರಿನ) ಕ್ಯಾಮೆರಾದಲ್ಲಿ 16–35 ಎಂಎಂ ಲೆನ್ಸ್ ಇರುತ್ತೆ, ಆದರೆ ಪ್ರತಿ ರೂಮನ್ನೂ 16ರಲ್ಲೇ (ಅಂಕಿ ಚಿಕ್ಕದಾದಷ್ಟು ಅಗಲ ನೋಟ) ತೆಗೆಯೋರು ಬೇಡ. ಅಂಚಲ್ಲಿರೋ ಫ್ರಿಜ್ ಎರಡು ಬಾಗಿಲಿನದರಷ್ಟು ಅಗಲ ಕಾಣುತ್ತೆ. ನೋಡೋಕೆ ಬಂದವರು "ಫೋಟೊದಲ್ಲಿ ದೊಡ್ಡದಿತ್ತಲ್ಲ" ಅಂತಲೇ ಚೌಕಾಸಿ ಶುರುಮಾಡ್ತಾರೆ. ಹಾಲ್, ಬೆಡ್‌ರೂಮಿಗೆ 20–24 ಸಾಕು. ಟ್ರೈಪಾಡ್ ಮೇಲೆ, ನಾಲ್ಕರಿಂದ ನಾಲ್ಕೂವರೆ ಅಡಿ ಎತ್ತರದಲ್ಲಿ, ಎಫ್/8, ಐಎಸ್‌ಒ 100. ಎರಡೆರಡು ಸ್ಟಾಪ್ (ಒಂದು ಸ್ಟಾಪ್ ಅಂದ್ರೆ ಬೆಳಕು ದುಪ್ಪಟ್ಟು ಇಲ್ಲವೇ ಅರ್ಧ) ಅಂತರದಲ್ಲಿ ಮೂರು ಅಥವಾ ಐದು ಎಕ್ಸ್‌ಪೋಷರ್ ತೆಗೆದು ಬೆರೆಸಿದರೆ ನಿಮ್ಮ ಬಿಳಿ ಕಿಟಕಿಯಾಚೆ ಮರ ಕಾಣುತ್ತೆ. ಇಷ್ಟು ಕೇಳಿದಾಗ ತಡವರಿಸಿದರೆ ಇನ್ನೊಬ್ಬರಿಗೆ ಫೋನ್ ಮಾಡಿ.

ಶೂಟ್ ಹೊತ್ತಿಗೆ ಫ್ಯಾನ್ ಎಲ್ಲ ಆಫ್. ಒಂದೊಂದು ಎಕ್ಸ್‌ಪೋಷರಲ್ಲೂ ರೆಕ್ಕೆ ಬೇರೆ ಬೇರೆ ಕಡೆ ಇರುತ್ತೆ, ಬೆರೆಸಿದಾಗ ಕಲೆಯಾಗುತ್ತೆ. ಕಿಟಕಿಯ ಸೊಳ್ಳೆ ಮೆಶ್ ಪಕ್ಕಕ್ಕೆ ಸರಿಸಿ, ಹೊರಗಿನ ನೋಟವನ್ನೆಲ್ಲ ಅದು ಮಂಕು ಮಾಡುತ್ತೆ. ಬಾಲ್ಕನಿಯ ಬಟ್ಟೆ ಸ್ಟ್ಯಾಂಡ್, 20 ಲೀಟರ್ ನೀರಿನ ಕ್ಯಾನ್, ಬಕೆಟ್, ಮಗ್ ಎಲ್ಲವೂ ಫ್ರೇಮಿನಿಂದ ಹೊರಗೆ. ಕಮೋಡ್ ಮುಚ್ಚಳ ಮುಚ್ಚಿರಬೇಕು. ಯುಟಿಲಿಟಿ, ಪೂಜಾ ಕೋಣೆ, ಕಾರ್ ಪಾರ್ಕಿಂಗ್ ಬಿಡಬೇಡಿ, ಕೊಳ್ಳೋರು ಮೊದಲು ಕೇಳೋದೇ ಅವನ್ನ.

ಲಗೇಜ್ ಲೆಕ್ಕ:
ಪ್ಯಾಕಿಂಗ್ ಭಾಗ ನಾನು ಹೇಳ್ತೀನಿ. ದೇಶೀಯ ಎಕಾನಮಿಯಲ್ಲಿ ಹೆಚ್ಚಿನ ಕಡೆ ತಲಾ 15 ಕೆಜಿ ಚೆಕ್-ಇನ್, 7 ಕೆಜಿ ಕ್ಯಾಬಿನ್. ಚಳಿಯ ಬಟ್ಟೆಗೆ ವ್ಯಾಕ್ಯೂಮ್ ಬ್ಯಾಗ್ ತಗೊಳ್ಳಿ ಅಂತ ಎಲ್ಲರೂ ಹೇಳ್ತಾರೆ. ಅದರಿಂದ ಜಾಗ ಉಳಿಯುತ್ತೆ, ತೂಕ ಒಂದು ಗ್ರಾಂ ಕೂಡ ಇಳಿಯಲ್ಲ, ಜಾಗ ಇದೆಯಲ್ಲ ಅಂತ ಇನ್ನೆರಡು ಸ್ವೆಟರ್ ತುರುಕಿ ಕೌಂಟರಲ್ಲಿ ದುಡ್ಡು ಕಟ್ಟಬೇಕಾಗುತ್ತೆ. ಬೂಟು, ದಪ್ಪ ಜಾಕೆಟ್ ಮೈಮೇಲೇ ಇರಲಿ.

ಮನಾಲಿಯಲ್ಲಿ ಜನವರಿ ರಾತ್ರಿ ಸೊನ್ನೆಗಿಂತ ಕೆಳಗೆ. ತಲಾ ಎರಡು ಜೊತೆ ಥರ್ಮಲ್, ಒಂದು ಫ್ಲೀಸ್, ಗಾಳಿ ತಡೆಯುವ ಒಂದು ಜಾಕೆಟ್, ನಾಲ್ಕು ಜೊತೆ ಉಣ್ಣೆ ಕಾಲುಚೀಲ. ಥರ್ಮಲ್ ಒಳಗೆ ಕಾಟನ್ ಬನಿಯನ್ ಬೇಡ. ಬೆವರು ಹೀರಿ ಒದ್ದೆಯಾಗೇ ಉಳಿದು ಮೈ ತಣ್ಣಗಾಗಿಸುತ್ತೆ. ಹಿಮದಲ್ಲಿ ಆಡೋ ಕೋಟು, ಗಂಬೂಟು ಹಿಮ ನೋಡೋಕೆ ಹೋಗುವ ಸೋಲಾಂಗ್ ಕಣಿವೆ ದಾರಿಯಲ್ಲೇ ಬಾಡಿಗೆಗೆ ಸಿಗುತ್ತೆ. ಅತ್ತೆಯವರಿಗೆ ಮಾತ್ರ ತಳ ಜಾರದ ಶೂ ಇಲ್ಲಿಂದಲೇ ಕೊಂಡು, ಹೊರಡೋ ಮೊದಲು ಒಂದು ವಾರ ಹಾಕಿ ನಡೆದು ಪಳಗಿಸಿಕೊಳ್ಳಲಿ.

ಪವರ್ ಬ್ಯಾಂಕ್ ಕ್ಯಾಬಿನ್ ಬ್ಯಾಗಲ್ಲೇ ಇರಬೇಕು, ಚೆಕ್-ಇನ್‌ಗೆ ಹಾಕುವಂತಿಲ್ಲ. 20,000 ಎಂಎಎಚ್ ಅಂದ್ರೆ ಸುಮಾರು 74 ವ್ಯಾಟ್-ಅವರ್, 100ರ ಮಿತಿಯೊಳಗಿದೆ. ಬಿಪಿ, ಶುಗರ್ ಮಾತ್ರೆ ಸ್ಟ್ರಿಪ್ ಸಮೇತ ಕೈಚೀಲದಲ್ಲಿ. ಚಟ್ನಿಪುಡಿ, ಉಪ್ಪಿನಕಾಯಿ, ತುಪ್ಪ ಚೆಕ್-ಇನ್ ಬ್ಯಾಗಿಗೆ, ಎರಡು ಕವರ್ ಸುತ್ತಿ. ಒಣ ಕೊಬ್ಬರಿ ಗಿಟುಕು ಎರಡರಲ್ಲೂ ಬೇಡ. ಎಣ್ಣೆಯಂಶದಿಂದ ತಾನಾಗೇ ಬಿಸಿಯೇರಿ ಹೊತ್ತಿಕೊಳ್ಳಬಲ್ಲ ವಸ್ತು ಅಂತ ತಡೀತಾರೆ.

ಅಸೋಸಿಯೇಷನ್ ಗೇಟು:
ಹಿಂದಿನ ದಿನವೇ ಗೇಟ್ ಆ್ಯಪಲ್ಲಿ ಫೋಟೊಗ್ರಾಫರ್ ಎಂಟ್ರಿ ಹಾಕಿ. ಕ್ಲಬ್‌ಹೌಸ್, ಈಜುಕೊಳ ತೆಗೆಯೋದಾದ್ರೆ ಅಸೋಸಿಯೇಷನ್‌ಗೆ ಒಂದು ಮೇಲ್. ಫೋಟೊದಲ್ಲಿ ಬೆಸ್ಕಾಂ ಮೀಟರಿನ ಆರ್‌ಆರ್ ನಂಬರ್, ಮಕ್ಕಳ ಫೋಟೊ, ಬೀರು ಲಾಕರ್, ಕಾರಿನ ನಂಬರ್ ಕಾಣಬಾರದು. ಮನೆ ಖಾಲಿ ಇದ್ದಾಗ ಜಾಹೀರಾತು ಓಡುತ್ತಲ್ಲ, ಫ್ಲಾಟ್ ನಂಬರ್ ಹಾಕಬೇಡಿ. "ಊರಲ್ಲಿಲ್ಲ, 20ರ ನಂತರ ಬನ್ನಿ" ಅಂತಲೂ ಬರೀಬೇಡಿ. "ಭೇಟಿಗೆ ಮೊದಲೇ ತಿಳಿಸಿ" ಅಂದ್ರೆ ಸಾಕು.

ಪುಟ್ಟೇನಹಳ್ಳಿಯವಳು:
ತುಂಬಾ ಉಪಕಾರ. ಒಬ್ಬರು ಡ್ರೋನ್ ಸೇರಿಸಿ ಪ್ಯಾಕೇಜ್ ಕೊಡ್ತೀನಿ ಅಂತಾರೆ. ಮಾಸ್ಟರ್ ರೂಮ್ ಗೋಡೆಯಲ್ಲಿ ಸ್ವಲ್ಪ ತೇವದ ಕಲೆ ಇದೆ, ಅದನ್ನೂ ಫೋಟೊದಲ್ಲಿ ಅಳಿಸಿಕೊಡ್ತಾರಂತೆ.

ಟ್ರೈಪಾಡ್ ತಮ್ಮಣ್ಣ:
ಎರಡೂ ಬೇಡ. 4ನೇ ಮಹಡಿಯ ಫ್ಲಾಟಿಗೆ ಡ್ರೋನಿಂದ ಸಿಗೋದು ತಾರಸಿಯ ಸಿಂಟೆಕ್ಸ್ ಟ್ಯಾಂಕು, ಸೋಲಾರ್ ಹೀಟರು. ಎಚ್‌ಎಎಲ್, ಜಕ್ಕೂರು, ಯಲಹಂಕ ಅಂತ ಊರಲ್ಲಿ ಇಷ್ಟೊಂದು ವಿಮಾನ ನೆಲೆ ಇರೋದ್ರಿಂದ ಡ್ರೋನ್ ಹಾರಾಟಕ್ಕೆಂದು ಸರ್ಕಾರ ಇಟ್ಟಿರುವ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ವಲಯದ ಬಣ್ಣ ನೋಡದೆ ಹಾರಿಸುವಂತೆಯೂ ಇಲ್ಲ. ತೇವದ ಕಲೆ ಅಳಿಸಿದರೆ ಬಂದವರ ಕಣ್ಣಿಗೆ ಮೊದಲು ಬೀಳೋದು ಅದೇ, ಆಮೇಲೆ ಉಳಿದ ಫೋಟೊಗಳನ್ನೂ ನಂಬಲ್ಲ. ನೀರು ಎಲ್ಲಿಂದ ಇಳೀತಿದೆ ನೋಡಿ, ಪ್ಲಂಬರ್ ಕೈಲಿ ಸರಿಮಾಡಿಸಿ, ಒಣಗಿದ ಮೇಲೆ ಬಣ್ಣ ಹೊಡೆಸಿ. ಸಮಯ ಇಲ್ಲದಿದ್ದರೆ ಇದ್ದ ಹಾಗೇ ಬಿಡಿ. ವೈರ್, ಸ್ವಿಚ್‌ಬೋರ್ಡ್ ಕೊಳೆಯಂಥ ಸಣ್ಣಪುಟ್ಟದ್ದು ಒರೆಸಿದರೆ ಅಡ್ಡಿಯಿಲ್ಲ.

ಆ ದುಡ್ಡಿಗೆ ಬದಲು ಇದನ್ನ ವಾಟ್ಸ್ಆ್ಯಪಲ್ಲಿ ಬರೆಸಿಕೊಳ್ಳಿ: ಎಡಿಟ್ ಆದ 20–25 ಫೋಟೊ, ಶುಕ್ರವಾರ ರಾತ್ರಿಯೊಳಗೆ ಡ್ರೈವ್ ಲಿಂಕಲ್ಲಿ, ಪೂರ್ತಿ ಅಳತೆಯದೊಂದು ಸೆಟ್, ಅಪ್‌ಲೋಡ್‌ಗೆ ಉದ್ದನೆ ಬದಿ 2,000 ಪಿಕ್ಸೆಲ್‌ನದು ಇನ್ನೊಂದು, ಒಂದು ಸುತ್ತು ತಿದ್ದುಪಡಿ ಉಚಿತ, ವಾಟರ್‌ಮಾರ್ಕ್ ಇಲ್ಲ. ವಾಟ್ಸ್ಆ್ಯಪಲ್ಲಿ ಫೋಟೊ ಆಗಿ ಕಳಿಸಿದ್ದನ್ನು ಒಪ್ಕೋಬೇಡಿ, ಕುಗ್ಗಿಬಿಟ್ಟಿರುತ್ತೆ. ದುಡ್ಡು ಕೊಟ್ಟು ತೆಗೆಸಿದ ಫೋಟೊದ ಹಕ್ಕು 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ತೆಗೆಸಿದವರದ್ದೇ, ಬೇರೆ ಕರಾರು ಇಲ್ಲದಿದ್ದರೆ. ಹಾಗಾಗಿ ಅವರ ಬಿಲ್ಲಿನ ಹಿಂಬದಿಯ ಸಣ್ಣಕ್ಷರ ಓದಿ ಅಡ್ವಾನ್ಸ್ ಕೊಡಿ.

ಲಗೇಜ್ ಲೆಕ್ಕ:
ಒಂದು ಬಿಟ್ಟಿದ್ದೆ. ಗುರುವಾರ ರಾತ್ರಿಗೆ ಬೇಕಾದ ಬಟ್ಟೆ, ಟೂತ್‌ಬ್ರಷ್, ಚಾರ್ಜರ್ ಬೇರೆ ಚೀಲದಲ್ಲಿಡಿ. ಇಲ್ಲಾಂದ್ರೆ ಡಿಕ್ಕಿಯಿಂದ ಸೂಟ್‌ಕೇಸ್ ಮತ್ತೆ ಮೇಲೆ ತಂದು ಬಿಚ್ಚಬೇಕಾಗುತ್ತೆ. ಜೆಪಿ ನಗರದಿಂದ ದೇವನಹಳ್ಳಿ ಏರ್‌ಪೋರ್ಟ್ ಅಂದ್ರೆ ಊರಿನ ಈ ತುದಿಯಿಂದ ಆ ತುದಿ, ಕ್ಯಾಬ್ ರಾತ್ರಿಯೇ ಬುಕ್ ಮಾಡಿಡಿ.