ಶುದ್ಧತೆ ಅಂದರೆ ಕುಡಿತ, ಮೊಬೈಲ್ ವಿಷಯ ಮಾತ್ರನಾ?

ಪ್ರಶ್ನೆ (ವಾಸ್ಕೋ, ಗೋವಾ): ನಾನು ಹುಬ್ಬಳ್ಳಿಯವನು, ಇಲ್ಲಿ ಮೀನಿನ ಅಂಗಡಿಯಲ್ಲಿ ತೂಕ ಮಾಡುತ್ತೇನೆ. ನಮ್ಮ ಚರ್ಚ್‌ನ ಕನ್ನಡ ಆರಾಧನೆಯಲ್ಲಿ ಪರಿಶುದ್ಧತೆ ಅಂದ ಕೂಡಲೇ ಕುಡಿಯಬೇಡಿ, ಮೊಬೈಲ್‌ನಲ್ಲಿ ಕೆಟ್ಟದ್ದು ನೋಡಬೇಡಿ, ಇಷ್ಟೇ. ಒಪ್ಪುತ್ತೇನೆ. ಆದರೆ ಪ್ರವಾಸಿಗರು ಬಂದರೆ ಮಾಲೀಕರು ಐಸ್ ನೀರಿನ ಸಮೇತ ತೂಗು ಅನ್ನುತ್ತಾರೆ. ಇದೂ ಅಶುದ್ಧತೆ ಅಲ್ವಾ?

ಉತ್ತರ 1 (ಮುಂಬೈ): ಮತ್ತಿನ್ನೇನು? ಬೈಬಲ್‌ನ ಮಾರ್ಕ 7ರಲ್ಲಿ ಯೇಸು ಮನುಷ್ಯನನ್ನು ಒಳಗಿಂದ ಕೆಡಿಸುವುದನ್ನೆಲ್ಲ ಹೇಳುವಾಗ ಹಾದರದ ಜೊತೆಗೇ ಕಳ್ಳತನ, ದುರಾಸೆ, ಮೋಸವನ್ನೂ ಸೇರಿಸುತ್ತಾನೆ. ಯಾಜಕಕಾಂಡ 19ರಲ್ಲಂತೂ ತಕ್ಕಡಿ, ತೂಕದ ಕಲ್ಲು ಎಲ್ಲ ಸರಿಯಿರಬೇಕು ಅಂತ ನೇರವಾಗಿಯೇ ಇದೆ, ಆ ಅಧ್ಯಾಯ ಶುರುವಾಗುವುದೇ ಪರಿಶುದ್ಧರಾಗಿರಿ ಅನ್ನುವ ಮಾತಿನಿಂದ. ಇದನ್ನು ಪ್ರಸಂಗದಲ್ಲಿ ಯಾರೂ ಓದಲ್ಲ ಬಿಡಿ.

ಉತ್ತರ 2 (ಪುಣೆ): ಸರಿ, ಆದರೆ ಇದನ್ನೇ ಹಿಡಿದುಕೊಂಡು ಮೊಬೈಲ್ ವಿಷಯ ಸಣ್ಣದು ಅನ್ನಬೇಡಿ. ಅಪೊಸ್ತಲ ಪೌಲ ಪತ್ರ ಬರೆದ ಕೊರಿಂಥವೂ ಬಂದರುಗಳ ವ್ಯಾಪಾರದ ಊರೇ. 1 ಕೊರಿಂಥ 6ರಲ್ಲಿ ದೇಹ ಪವಿತ್ರಾತ್ಮನ ಆಲಯ ಅನ್ನುತ್ತಾನೆ, ಅಲ್ಲೇ ಲೋಭಿಗಳನ್ನೂ ಸುಲಿಗೆ ಮಾಡುವವರನ್ನೂ ಬಿಡುವುದಿಲ್ಲ.

ಉತ್ತರ 3 (ಮಡಗಾಂವ್): ಕೆಲಸ ಬಿಡು ಅಂತ ಸುಮ್ನೆ ಹೇಳುವುದು ಸುಲಭ, ರೂಮ್ ಬಾಡಿಗೆ ಯಾರು ಕಟ್ಟುತ್ತಾರೆ? ಮೊದಲು ನೀರು ಬಸಿ, ಖಾಲಿ ತಟ್ಟೆ ಇಟ್ಟು ಸೊನ್ನೆ ಮಾಡು, ಗಿರಾಕಿ ಕಣ್ಣೆದುರೇ ತೂಗು. ಮಾಲೀಕ ಬೈದರೆ ಬೈಯಲಿ. ಅಷ್ಟರಲ್ಲಿ ಬೇರೆ ಕಡೆ ಕೆಲಸ ಕೇಳಿಡು.