ಪ್ಯಾಚ್: ತೇಪೆಯೋ, ತಿದ್ದುಪಡಿಯೋ, ಒಪ್ಪೋಲೆಯೋ?

ಎಲ್ಲರಿಗೂ ನಮಸ್ಕಾರ.

ಮಡಿಕೇರಿಯಲ್ಲಿ ನಾವು ಕೆಲವರು ಸೇರಿ ಕಾಲೇಜು ವಿದ್ಯಾರ್ಥಿಗಳಿಗಾಗಿ ಮುಕ್ತ ತಂತ್ರಾಂಶದ ಕೈಪಿಡಿ ಬರೆಯುತ್ತಿದ್ದೇವೆ. ತಂತ್ರಾಂಶದಲ್ಲಿ ದೋಷ ಕಂಡರೆ ವರದಿ ಮಾಡುವುದು, ಪರಿಹಾರ ಗೊತ್ತಿದ್ದರೆ ಪ್ಯಾಚನ್ನೂ (ತಂತ್ರಾಂಶದಲ್ಲಿ ಏನನ್ನು ಹೇಗೆ ಬದಲಿಸಬೇಕೆಂದು ಹೇಳುವ ಪಠ್ಯ ಕಡತ) ಜೊತೆಗೇ ಕಳುಹಿಸುವುದು, ಎರಡನ್ನೂ ಆದೇಶಗಳನ್ನು (ಕಮಾಂಡ್) ಟೈಪಿಸುವ ಟರ್ಮಿನಲ್‌ನಿಂದಲೇ ಮಾಡುವುದು ಹೇಗೆ ಎಂಬುದು ಈಗಿನ ಅಧ್ಯಾಯ. ಮಳೆಗಾಲದಲ್ಲಿ ಇಲ್ಲಿ ಕರೆಂಟೂ ನೆಟ್‌ವರ್ಕೂ ಕೈಕೊಡುತ್ತವೆ. ಭಾರವಾದ ಜಾಲಪುಟ ತೆರೆಯದ ದಿನವೂ ನಾಲ್ಕು ಸಾಲಿನ ಪ್ಯಾಚ್ ಇಮೇಲ್‌ನಲ್ಲಿ ಹೋಗಿಬಿಡುತ್ತದೆ. ಲಿನಕ್ಸ್ ಆಧಾರಿತ ಕಾರ್ಯಾಚರಣೆ ವ್ಯವಸ್ಥೆಯಾದ ಡೆಬಿಯನ್‌ನ ದೋಷದಾಖಲೆ ವ್ಯವಸ್ಥೆ ನಡೆಯುವುದೇ ಇಮೇಲ್‌ನಿಂದ. ಅಲ್ಲಿನ ‘ರಿಪೋರ್ಟ್‌ಬಗ್’ ಆದೇಶಕ್ಕೆ ‘-A’ ಆಯ್ಕೆಯೊಡನೆ ಕಡತದ ಹೆಸರು ಕೊಟ್ಟರೆ ವರದಿಯ ಜೊತೆ ಅದನ್ನೂ ಸೇರಿಸಿ ಕಳುಹಿಸುತ್ತದೆ.

ಕರಡಿನಲ್ಲಿ ‘ದೋಷವರದಿಗೆ ತೇಪೆ ಹಚ್ಚಿ’ ಎಂದಿತ್ತು. ಓದಿದ ವಿದ್ಯಾರ್ಥಿನಿಯೊಬ್ಬಳು, ‘ವರದಿಯನ್ನೇ ತಿದ್ದಬೇಕೇ?’ ಎಂದು ಕೇಳಿದಳು. ನ್ಯಾಯವಾದ ಪ್ರಶ್ನೆ. ಇಲ್ಲಿರುವುದು ಎರಡು ಬೇರೆ ಕೆಲಸ. ವರದಿ ಮಾಡುವವರು ಪ್ಯಾಚನ್ನು ಜೊತೆಗಿಡುತ್ತಾರೆ, ಅಷ್ಟೇ. ಅದನ್ನು ಒಪ್ಪಿ ಮೂಲ ಸಂಕೇತಕ್ಕೆ (ಸೋರ್ಸ್ ಕೋಡ್) ಸೇರಿಸುವುದು ತಂತ್ರಾಂಶವನ್ನು ನೋಡಿಕೊಳ್ಳುವವರ ಕೆಲಸ. ವರದಿಗೆ ‘ಪ್ಯಾಚ್’ ಎಂಬ ಗುರುತುಪಟ್ಟಿ (ಟ್ಯಾಗ್) ಬಿದ್ದಿದ್ದರೂ ದೋಷ ಇನ್ನೂ ಬಗೆಹರಿದಿರುವುದಿಲ್ಲ. ಮೊದಲ ಕೆಲಸಕ್ಕೆ, ಅಂದರೆ ಪ್ಯಾಚನ್ನು ಜೊತೆಗಿಡುವುದಕ್ಕೆ, ಕಚೇರಿಗಳಲ್ಲಿ ಬಳಕೆಯಲ್ಲಿರುವ ‘ಲಗತ್ತಿಸು’ ಸಾಕು ಎಂದು ನಿರ್ಧರಿಸಿದ್ದೇವೆ.

ಉಳಿದದ್ದು ಹೆಸರಿನ ಮಾತು. ಕಂಪ್ಯೂಟರ್ ಆದೇಶಗಳನ್ನು ಕಾಗದದ ಟೇಪಿನಲ್ಲಿ ತೂತುಗಳಾಗಿ ಕೊರೆಯುತ್ತಿದ್ದ ಕಾಲದಲ್ಲಿ ತಪ್ಪಾದ ತೂತುಗಳ ಮೇಲೆ ನಿಜವಾಗಿಯೇ ತುಂಡು ಅಂಟಿಸುತ್ತಿದ್ದರು. ಆಗ ‘ತೇಪೆ’ ಸರಿಯಾಗಿ ಹೊಂದುತ್ತಿತ್ತು. ಆದರೆ ಕನ್ನಡದಲ್ಲಿ ‘ತೇಪೆ ಹಚ್ಚುವ ಕೆಲಸ’ ಎಂದರೆ ತಾತ್ಕಾಲಿಕ, ಕಳಪೆ ಎಂಬ ಅರ್ಥವೇ ಮುಂದೆ ಬರುತ್ತದೆ. ಮಳೆ ಮುಗಿದ ಮೇಲೆ ನಮ್ಮ ಘಟ್ಟದ ರಸ್ತೆಗಳ ಸುದ್ದಿಯಲ್ಲಿ ಈ ಪದ ಓದಿದವರು ಯಾರೂ ಅದನ್ನು ಹೊಗಳಿಕೆ ಎಂದುಕೊಳ್ಳುವುದಿಲ್ಲ. ಎಚ್ಚರದಿಂದ ಬರೆದು ಪರೀಕ್ಷಿಸಿದ ಪ್ಯಾಚಿಗೆ ಆ ಹೆಸರಿಡಲು ನನಗೆ ಮನಸ್ಸಿಲ್ಲ.

ಅಮೆರಿಕದ ಪ್ರೋಗ್ರಾಮರ್ ಲ್ಯಾರಿ ವಾಲ್ 1985ರಲ್ಲಿ ಬರೆದ ‘ಪ್ಯಾಚ್’ ಆದೇಶ ಓದುವುದು ಬರಿಯ ಪಠ್ಯವನ್ನು: ಯಾವ ಕಡತ, ಎಷ್ಟನೆಯ ಸಾಲು, ಏನು ಹೋಗಬೇಕು (-), ಏನು ಬರಬೇಕು (+).

- ಕೊಡಗು ಜಿಲ್ಲೆಯ ಕೇಂದ್ರ ಮಡಕೇರಿ
+ ಕೊಡಗು ಜಿಲ್ಲೆಯ ಕೇಂದ್ರ ಮಡಿಕೇರಿ

ಇದನ್ನು ನೋಡಿದಾಗ ನನಗೆ ನೆನಪಾದದ್ದು ಹಳೆಯ ಪುಸ್ತಕಗಳ ಕೊನೆಯ ‘ಒಪ್ಪೋಲೆ’, ಅಂದರೆ ಅಚ್ಚಿನ ತಪ್ಪುಗಳ ತಿದ್ದುಪಟ್ಟಿ. ಪುಟ, ಸಾಲು, ತಪ್ಪು, ಒಪ್ಪು: ಅದೇ ಏರ್ಪಾಡು. ವ್ಯತ್ಯಾಸ ಒಂದೇ. ಪ್ಯಾಚಿನಲ್ಲಿ ಬದಲಾಗದ ಅಕ್ಕಪಕ್ಕದ ಸಾಲುಗಳೂ ಸಾಮಾನ್ಯವಾಗಿ ಇರುತ್ತವೆ; ಸಾಲಿನ ಸಂಖ್ಯೆ ಹಿಂದುಮುಂದಾಗಿದ್ದರೂ ಅವುಗಳಿಂದ ಜಾಗ ಸಿಗುತ್ತದೆ. ‘ತಿದ್ದುಪಡಿ’ಯೂ ಒಳ್ಳೆಯ ಪದವೇ, ಆದರೆ ಕಾಯ್ದೆಯ ಭಾಷೆಯಲ್ಲಿ ಅದಕ್ಕೆ ಅಂಗೀಕಾರವಾದದ್ದು ಎಂಬ ಧ್ವನಿ ಬಂದುಬಿಟ್ಟಿದೆ. ಲಗತ್ತಿಸಿದ ಪ್ಯಾಚ್ ಇನ್ನೂ ಮಸೂದೆ.

‘ಒಪ್ಪೋಲೆ’ಯನ್ನು ಈ ಅರ್ಥದಲ್ಲಿ ಯಾರಾದರೂ ಬಳಸಿದ್ದೀರಾ? ಇಂದಿನ ವಿದ್ಯಾರ್ಥಿಗಳಿಗೆ ಅದು ‘ಒಪ್ಪಿಗೆ ಪತ್ರ’ದಂತೆ ಕೇಳಿಸೀತೇ? ಪ್ಯಾಚನ್ನು ಮೂಲ ಸಂಕೇತಕ್ಕೆ ಸೇರಿಸುವ ಕೆಲಸಕ್ಕೆ ಕ್ರಿಯಾಪದವೂ ಬೇಕು. ‘ಹಚ್ಚು’ ತೇಪೆಯ ಜೊತೆಯದು, ‘ಅಳವಡಿಸು’ ಎಂದರೆ ತಂತ್ರಾಂಶದ ಸ್ಥಾಪನೆ ಎಂದು ತಿಳಿಯುತ್ತಾರೆ, ‘ಅನ್ವಯಿಸು’ ಬಿಗಿಯೆನಿಸುತ್ತದೆ. ಅಚ್ಚುಕೂಟದಲ್ಲಿ ಕರಡು ತಿದ್ದಿ ಪಳಗಿದವರು ಒಪ್ಪೋಲೆಯಲ್ಲಿದ್ದುದನ್ನು ಮುಂದಿನ ಮುದ್ರಣಕ್ಕೆ ಸೇರಿಸುವುದಕ್ಕೆ ಏನೆನ್ನುತ್ತಿದ್ದರು ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಿ.